ಕಾಗಿಣಾದ 23 ನಾಳೆಗಳು

ಹೊಳೆಯ ಮುನ್ಸೂಚನೆಗೆ ತಂತ್ರಾಂಶ ಬರೆಯುವ ಎಂಜಿನಿಯರ್ ಗೆಳೆಯರಿಗೆ, ಸೇಡಂ ಸೀಮೆಯಿಂದ ನಮಸ್ಕಾರ.

ನೀವು ಬೆಂಗಳೂರಿನ ಕಚೇರಿಯಲ್ಲಿರಲಿ, ಹೈದರಾಬಾದಿನ ಲ್ಯಾಬಿನಲ್ಲಿರಲಿ, ಕಲಬುರಗಿಯ ಕಾಲೇಜಿನಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರಲಿ, ಈ ಪತ್ರ ನಿಮಗೇ. ಕೇಳುವುದು ಎರಡೇ ಮಾತು. ಕಾಗಿಣಾ ಹೊಳೆಗೆ ಸಮೂಹ ಮುನ್ಸೂಚನೆಯ ತಂತ್ರಾಂಶ ಬರೆಯಿರಿ. ಬರೆದ ಮೇಲೆ ಅದರ ಅನುಮಾನಗಳನ್ನು ನಮ್ಮಿಂದ ಮುಚ್ಚಿಡಬೇಡಿ.

ಮೊದಲು ಹೊಳೆಯ ಪರಿಚಯ ಮಾಡಿಕೊಡುತ್ತೇನೆ. ಕಾಗಿಣಾ ಹುಟ್ಟುವುದು ತೆಲಂಗಾಣದ ವಿಕಾರಾಬಾದ್ ಕಡೆಯ ಏರುನೆಲದಲ್ಲಿ. ತಾಂಡೂರು ದಾಟಿ ಸೇಡಂ ತಾಲ್ಲೂಕಿಗೆ ಬರುತ್ತದೆ, ಮಳಖೇಡದ ಹಳೇ ಕೋಟೆಯ ಬದಿಗೆ ಹಾಯುತ್ತದೆ, ಚಿತ್ತಾಪುರದ ದಂಡೋತಿ ಸೇತುವೆಯ ಕೆಳಗೆ ನುಗ್ಗಿ ಶಹಾಬಾದ್ ಸೀಮೆಯಲ್ಲಿ ಹೊನಗುಂಟಾ ಹತ್ತಿರ ಭೀಮೆಗೆ ಸೇರುತ್ತದೆ. ದಾರಿಯಲ್ಲಿ ಕಮಲಾವತಿ, ಬೆಣ್ಣೆತೊರಾ, ಬೀದರ್ ಜಿಲ್ಲೆಯಿಂದ ಚಿಂಚೋಳಿ ಮೇಲೆ ಹಾದು ಬರುವ ಮುಲ್ಲಾಮಾರಿ, ಹೆಸರಿಲ್ಲದ ನಾಲಾಗಳು ಎಷ್ಟೋ ಬಂದು ಕೂಡುತ್ತವೆ. 1874ರಲ್ಲಿ ನಿಜಾಮರ ಕಾಲಕ್ಕೆ ಶುರುವಾದ ವಾಡಿ–ಸಿಕಂದರಾಬಾದ್ ರೈಲು ಹಳಿಯೂ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿದೆ: ವಾಡಿ, ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ವಿಕಾರಾಬಾದ್. ಬೇಸಿಗೆಯಲ್ಲಿ ಆ ರೈಲಿನ ಕಿಟಕಿಯಿಂದ ನೋಡಿದವರಿಗೆ ಕಾಗಿಣಾ ಮರಳಿನ ನಡುವಿನ ಒಂದು ತೆಳು ಗೆರೆ. ಅದು ಊರೊಳಗೆ ಬರುತ್ತದೆ ಎಂದರೆ ನಂಬುವುದು ಕಷ್ಟ.

ಆದರೆ ಬರುತ್ತದೆ. 2020ರ ಅಕ್ಟೋಬರ್ 13ರ ಬೆಳಿಗ್ಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಕಾಕಿನಾಡದ ಹತ್ತಿರ ದಡ ಹತ್ತಿತು. ಅಂದು ರಾತ್ರಿ ಹೈದರಾಬಾದ್ ಮುಳುಗಿತು. ಅದೇ ಮಳೆ ಪಶ್ಚಿಮಕ್ಕೆ ಸರಿದು ನಮ್ಮ ಸೀಮೆಯ ಮೇಲೆ ಬಿತ್ತು, ಮುಂದೆ ಸೊಲ್ಲಾಪುರದವರೆಗೂ ಹೋಯಿತು. ಕಾಗಿಣಾ ಉಕ್ಕಿತು. ಮಳಖೇಡದ ಸೇತುವೆ ಮುಳುಗಿ ಕಲಬುರಗಿ–ಸೇಡಂ ರಸ್ತೆ ನಿಂತುಹೋಯಿತು, ಹೊಳೆದಂಡೆಯ ಉತ್ತರಾದಿ ಮಠದೊಳಗೆ ನೀರು ನುಗ್ಗಿತು. ಹೊಲದಲ್ಲಿ ನಿಂತಿದ್ದ ತೊಗರಿ ಕೊಳೆಯಿತು. 2024ರ ಸೆಪ್ಟೆಂಬರ್ ಆರಂಭದಲ್ಲಿ, ಮತ್ತೊಂದು ಕುಸಿತ ಆಂಧ್ರದ ದಡ ಹತ್ತಿ ತೆಲಂಗಾಣವನ್ನು ತೋಯಿಸಿದಾಗ, ಅದೇ ಸೇತುವೆ, ಅದೇ ರಸ್ತೆ, ಅದೇ ಕಥೆ.

ಇಲ್ಲಿ ಒಂದು ಸಂಗತಿಯನ್ನು ನೀವು ನಕ್ಷೆ ಬಿಚ್ಚಿ ನೋಡಬೇಕು. ಹೈದರಾಬಾದಿನ ಮೂಸಿ ನದಿಯೂ ವಿಕಾರಾಬಾದಿನ ಅದೇ ಗುಡ್ಡಸಾಲಿನ ಕಡೆಯಿಂದಲೇ ಹೊರಡುತ್ತದೆ. ದಿಣ್ಣೆಯ ಮೂಡಣಕ್ಕೆ ಬಿದ್ದ ಮಳೆ ಮೂಸಿಗೆ, ಪಡುವಣಕ್ಕೆ ಬಿದ್ದದ್ದು ಕಾಗಿಣಾಕ್ಕೆ. ಕುಸಿತದ ನಡುಭಾಗ ಇಪ್ಪತ್ತು ಮೂವತ್ತು ಕಿಲೋಮೀಟರ್ ಆಚೀಚೆ ಆದರೆ ಸಾಕು, ನೀರಿನ ಪಾಲು ಬದಲಾಗುತ್ತದೆ. ಮೂರು ದಿನ ಮುಂಚೆ ಯಾವ ಹವಾಮಾನ ಮಾದರಿಯೂ ಮಳೆಯ ತಾಣವನ್ನು ಇಷ್ಟು ನಿಖರವಾಗಿ ಹಿಡಿಯಲಾರದು. ಹಾಗಾಗಿ ‘ನಾಳೆ ಸೇಡಂನಲ್ಲಿ ಇಷ್ಟು ಮಳೆ, ಮಳಖೇಡದಲ್ಲಿ ಇಷ್ಟು ಕ್ಯೂಸೆಕ್’ ಎಂದು ಒಂದೇ ಅಂಕಿ ಕೊಡುವ ತಂತ್ರಾಂಶ, ಎಷ್ಟೇ ಚೆನ್ನಾಗಿ ಬರೆದಿದ್ದರೂ, ಈ ಹೊಳೆಯ ಬಗ್ಗೆ ಸತ್ಯ ಹೇಳುತ್ತಿರುವುದಿಲ್ಲ.

ಸಮೂಹ ಮುನ್ಸೂಚನೆ ಹುಟ್ಟಿದ್ದು ಇದೇ ತೊಡಕಿನಿಂದ. ಇಂದಿನ ಗಾಳಿ, ಒತ್ತಡ, ತೇವಾಂಶಗಳ ಅಳತೆಯಲ್ಲಿ ಸಣ್ಣ ತಪ್ಪಿದ್ದರೂ ದಿನ ಕಳೆದಂತೆ ಅದು ಬೆಳೆದು ದೊಡ್ಡದಾಗುತ್ತದೆ ಎಂದು ಎಡ್ವರ್ಡ್ ಲೊರೆನ್ಜ್ 1963ರಲ್ಲಿ ಗಣಿತದಲ್ಲೇ ತೋರಿಸಿದರು. ಅದಕ್ಕೆ ಉಪಾಯವೆಂದರೆ ಮಾದರಿಯನ್ನು ಒಂದೇ ಸಲ ಓಡಿಸದೆ, ಆರಂಭದ ಸ್ಥಿತಿಯನ್ನು ತುಸು ತುಸು ಬದಲಿಸಿ ಹಲವು ಸಲ ಓಡಿಸುವುದು. ಒಂದೊಂದು ಓಟವೂ ಸಮೂಹದ ಒಬ್ಬ ಸದಸ್ಯ. ಯುರೋಪಿನ ಹವಾಮಾನ ಕೇಂದ್ರ 1992ರಿಂದ ಇದನ್ನು ಮಾಡುತ್ತಿದೆ. ಅದರ ಸಮೂಹದಲ್ಲಿ ಇಂದು 51 ಸದಸ್ಯರಿದ್ದಾರೆ. ನಮ್ಮಲ್ಲಿ ನೋಯ್ಡಾದ ರಾಷ್ಟ್ರೀಯ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರದ 12 ಕಿಲೋಮೀಟರ್ ಜಾಲದ ಸಮೂಹ 2018ರ ಜೂನ್ 1ರಂದು ಬಳಕೆಗೆ ಬಂದಾಗ ಅದರಲ್ಲಿ 23 ಸದಸ್ಯರಿದ್ದರು. ಜೊತೆಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಇನ್ನೊಂದು ಸಮೂಹವೂ ಬಂತು. ಅಂದರೆ ನೋಯ್ಡಾದ ಸಮೂಹವೊಂದರಿಂದಲೇ ಕಾಗಿಣಾ ಜಲಾನಯನದ ಮೇಲೆ ದಿನವೂ 23 ನಾಳೆಗಳು ತಯಾರಾಗುತ್ತವೆ. ನೀವು ಮಾಡಬೇಕಾದ್ದು ಆ ಒಂದೊಂದು ಮಳೆಯನ್ನೂ ಜಲಮಾದರಿಯೊಳಗೆ ಹಾಯಿಸಿ, ಮಳಖೇಡದಲ್ಲಿ, ದಂಡೋತಿಯಲ್ಲಿ, ಚಿಂಚೋಳಿ ಪಟ್ಟಣದ ಪಕ್ಕದ ಮುಲ್ಲಾಮಾರಿಯಲ್ಲಿ ಹೊಳೆಯ 23 ಗೆರೆಗಳನ್ನು ಎಳೆಯುವುದು. ಇಷ್ಟು ಸಣ್ಣ ಜಲಾನಯನಕ್ಕೆ ಸರಳ ಜಲಮಾದರಿ ಓಡಿಸಲು ಸೂಪರ್ ಕಂಪ್ಯೂಟರ್ ಬೇಡ. ನಿಮ್ಮ ಲ್ಯಾಪ್‌ಟಾಪ್ ಸಾಕು.

ಇನ್ನು ಮುಂದಿನದು ನಾನು ತುಂಬ ಕಳಕಳಿಯಿಂದ ಕೇಳುವ ಮಾತು. ಆ 23 ಗೆರೆಗಳ ಸರಾಸರಿ ತೆಗೆದು ನಮಗೆ ಕೊಡಬೇಡಿ.

18 ಗೆರೆಗಳು ಹೊಳೆ ಪಾತ್ರದೊಳಗೇ ಇರುತ್ತದೆ ಎನ್ನುತ್ತವೆ, 5 ಗೆರೆಗಳು ಸೇತುವೆಯ ಮೇಲೆ ನೀರು ಎನ್ನುತ್ತವೆ ಎಂದಿಟ್ಟುಕೊಳ್ಳಿ. ಸರಾಸರಿ ತೆಗೆದರೆ ‘ಸಾಧಾರಣ ಏರಿಕೆ’ ಎಂದು ಬರುತ್ತದೆ. ಆ ಸಾಧಾರಣ ಏರಿಕೆಯನ್ನು 23ರಲ್ಲಿ ಒಬ್ಬ ಸದಸ್ಯನೂ ಹೇಳಿರುವುದಿಲ್ಲ! ಯಾರೂ ಕಾಣದ ನಾಳೆಯೊಂದನ್ನು ಊರಿಗೆ ಹಂಚಿದಂತಾಗುತ್ತದೆ. ಅದರ ಬದಲು ‘ನಾಡಿದ್ದು ರಾತ್ರಿಯೊಳಗೆ ಮಳಖೇಡದ ಸೇತುವೆ ಮುಳುಗುವ ಸಂಭವ ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು’ ಎನ್ನಿ. ನಮ್ಮ ಕಡೆ ಜನ ಕೇಳುವುದೇ ಹೀಗೆ: ‘ಹೊಳಿ ಬರ್ತದೇನು? ಎಷ್ಟೊತ್ತಿಗಿ ಬರ್ತದ? ಎಲ್ಲಿ ತನಕ ಬರ್ತದ?’ ಈ ಮೂರಕ್ಕೂ ಸಂಭವದ ಉತ್ತರ ಕೊಡಬಹುದು. ಸಂಭವವನ್ನು ಹಳ್ಳಿಯವರು ತಿಳಿಯಲಾರರು ಎನ್ನುವವರನ್ನು ನಂಬಬೇಡಿ. ರೋಹಿಣಿ ಮಳೆಗೆ ಹೆಸರು ಬಿತ್ತಬೇಕೋ ಕಾಯಬೇಕೋ, ತೊಗರಿಯ ಜೊತೆ ಉದ್ದು ಹಾಕಬೇಕೋ ಬೇಡವೋ ಎಂದು ಮಳೆಯಾಸರೆಯ ರೈತ ಪ್ರತಿ ಮುಂಗಾರಿನಲ್ಲೂ ಸಂಭವದ ಲೆಕ್ಕ ಹಾಕಿ ಜೀವನ ಪಣಕ್ಕಿಡುತ್ತಾನೆ.

ಅದೂ ಅಲ್ಲದೆ, ಒಂದೇ ಸಂಭವಕ್ಕೆ ಎಲ್ಲರ ಉತ್ತರ ಒಂದೇ ಆಗಿರಬೇಕಿಲ್ಲ. ಹೊಳೆದಂಡೆಯಲ್ಲಿ ಪಂಪ್‌ಸೆಟ್ ಇಟ್ಟವನಿಗೆ ಅದನ್ನು ಎತ್ತಿ ದಿಣ್ಣೆಗೆ ಸಾಗಿಸಲು ಸಾವಿರ ರೂಪಾಯಿ ಬೇಕು, ಮುಳುಗಿದರೆ ಇಪ್ಪತ್ತು ಸಾವಿರ ಹೋಗುತ್ತದೆ ಎಂದುಕೊಳ್ಳೋಣ. ಲೆಕ್ಕದ ಪ್ರಕಾರ ಸಂಭವ ನೂರಕ್ಕೆ ಐದನ್ನು ದಾಟಿದ ಕೂಡಲೇ ಅವನು ಪಂಪು ಎತ್ತಬೇಕು. ತಹಶೀಲ್ದಾರರು ಒಂದು ಹಳ್ಳಿಯನ್ನೇ ಖಾಲಿ ಮಾಡಿಸಿ ಶಾಲೆಯಲ್ಲಿ ಗಂಜಿ ಕೇಂದ್ರ ತೆರೆಯಬೇಕಾದರೆ ಇನ್ನೂ ಹೆಚ್ಚಿನ ಸಂಭವಕ್ಕೆ ಕಾದಾರು. ಬಸ್ ಡಿಪೊದವರಿಗೆ ಮತ್ತೊಂದು ಮಿತಿ. ಆಸ್ಪತ್ರೆಗೆ ಕಲಬುರಗಿಗೆ ಹೋಗಬೇಕಾದ ತುಂಬು ಗರ್ಭಿಣಿಯ ಮನೆಯವರದ್ದು ಬೇರೆಯದೇ ಮಿತಿ, ಅವರು ನೂರಕ್ಕೆ ಎರಡು ಎಂದರೂ ಒಂದು ದಿನ ಮುಂಚೆ ಹೊರಟಾರು. ನೀವು ಕಚೇರಿಯಲ್ಲಿ ಕೂತು ‘ಐವತ್ತು ದಾಟಿದರೆ ಮಾತ್ರ ಎಚ್ಚರಿಕೆ’ ಎಂದು ಒಂದು ಸಾಲು ಕೋಡ್ ಬರೆದರೆ ಇವರೆಲ್ಲರ ಪರವಾಗಿ ನೀವೇ ತೀರ್ಮಾನ ಮಾಡಿದ ಹಾಗೆ. ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಜಿಲ್ಲೆಗೆ ಇರಲಿ. ಸೇತುವೆಗೆ, ದಂಡೆಗೆ, ಊರಿಗೆ ಸಂಭವದ ಅಂಕಿಯೇ ಬರಲಿ.

ಈಗ ನೆಲದ ಮಾತು. ಇದನ್ನು ಯಾವ ಜಾಗತಿಕ ಮಾದರಿಯೂ ನಿಮಗೆ ಹೇಳಿಕೊಡುವುದಿಲ್ಲ.

ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಬಿರಿದು ಕೈ ಹೋಗುವಷ್ಟು ಸೀಳು ಬಿಡುತ್ತದೆ. ಜೂನ್ ಮಳೆಯ ನೀರು ಆ ಸೀಳುಗಳಲ್ಲಿ ಇಳಿದು ಮಾಯವಾಗುತ್ತದೆ, ಹೊಳೆಗೆ ಹನಿಯೂ ಮುಟ್ಟದಿರಬಹುದು. ಎರಡು ತಿಂಗಳು ತೊಯ್ದ ಮೇಲೆ ಅದೇ ಮಣ್ಣು ಉಬ್ಬಿ, ಸೀಳು ಮುಚ್ಚಿ, ನೀರನ್ನು ಒಳಗೆ ಬಿಡುವುದೇ ಇಲ್ಲ. ಆಗ ಬಿದ್ದ ಮಳೆಯ ಬಹುಪಾಲು ನೇರ ನಾಲಾ ಹಿಡಿಯುತ್ತದೆ. ಜೂನಿನ ನೂರು ಮಿಲಿಮೀಟರ್ ಮಳೆಗೂ ಸೆಪ್ಟೆಂಬರಿನ ನೂರು ಮಿಲಿಮೀಟರಿಗೂ ಹೊಳೆಯಲ್ಲಿ ಅಜಗಜಾಂತರ. ನಮ್ಮ ದೊಡ್ಡ ಮಹಾಪೂರಗಳು ಮಳೆಗಾಲದ ಬಾಲದಲ್ಲಿ ಬರುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಅನುಮಾನ ಇರುವುದು ಮಳೆಯಲ್ಲಷ್ಟೇ ಅಲ್ಲ, ಮಣ್ಣು ಇವತ್ತು ಎಷ್ಟು ಕುಡಿದಿದೆ ಎಂಬುದರಲ್ಲೂ ಇದೆ. ಮಣ್ಣಿನ ತೇವವನ್ನೂ ತುಸು ಬದಲಿಸಿ ಸಮೂಹ ಕಟ್ಟಿರಿ. ಹೊಳೆಯ ಮಟ್ಟದ ಹೊಸ ಅಳತೆ ಬಂದಾಗಲೆಲ್ಲ ಸದಸ್ಯರನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳಿರಿ. ಗೀರ್ ಎವೆನ್ಸನ್ 1994ರಲ್ಲಿ ಸಮುದ್ರದ ಮಾದರಿಗಾಗಿ ಕೊಟ್ಟ ಸಮೂಹ ಕಾಲ್ಮನ್ ಶೋಧಕ ಇಂದು ಹೊಳೆಗಳಿಗೂ ಬಳಕೆಯಲ್ಲಿದೆ. ನಿಮಗೆ ಗೊತ್ತಿರುವ ವಿಧಾನವೇ.

ಎರೆಯ ಕೆಳಗೆ ಸುಣ್ಣದಕಲ್ಲು. ಶಹಾಬಾದ್ ಕಲ್ಲು ದೇಶದ ಅದೆಷ್ಟು ಮನೆಗಳ ನೆಲಹಾಸಾಯಿತು, ವಾಡಿ, ಸೇಡಂ, ಮಳಖೇಡಗಳ ಸಿಮೆಂಟು ಅದೆಷ್ಟು ಊರು ಕಟ್ಟಿತು. ತೆಗೆದ ಜಾಗದಲ್ಲಿ ಉಳಿದದ್ದು ಗುಂಡಿ. ಕೈಬಿಟ್ಟ ಗಣಿಗಳು ಮಳೆಗಾಲದಲ್ಲಿ ಕೆರೆಗಳಂತೆ ತುಂಬಿಕೊಳ್ಳುತ್ತವೆ. ಅವು ತುಂಬುವವರೆಗೆ ನೀರು ಹಿಡಿದಿಡುತ್ತವೆ, ತುಂಬಿದ ಮೇಲೆ ಇಲ್ಲ. ಉಪಗ್ರಹ ಚಿತ್ರದಲ್ಲಿ ಒಂದೊಂದೂ ಕಾಣುತ್ತದೆ. ಹಳೇ ಸರ್ವೆ ನಕ್ಷೆಯ ಇಳಿಜಾರನ್ನೇ ನಂಬಿ ಮಾದರಿ ಕಟ್ಟಿದರೆ ಶಹಾಬಾದ್–ವಾಡಿ ನಡುವಿನ ನೆಲ ನಿಮ್ಮ ಕಂಪ್ಯೂಟರಿನೊಳಗೆ ಐವತ್ತು ವರ್ಷ ಹಿಂದೆಯೇ ಇರುತ್ತದೆ.

ಗೇಟುಗಳ ಮಾತು ಇನ್ನೂ ಮುಖ್ಯ. ಚಿಂಚೋಳಿ ತಾಲ್ಲೂಕಿನ ನಾಗರಾಳದಲ್ಲಿ ಕೆಳದಂಡೆ ಮುಲ್ಲಾಮಾರಿ ಜಲಾಶಯ, ಅಭಯಾರಣ್ಯದ ನಡುವೆ ಚಂದ್ರಂಪಳ್ಳಿ ಜಲಾಶಯ, ಹೇರೂರಿನ ಬೆಣ್ಣೆತೊರಾ. ಮೋಡದಿಂದ ಬಿದ್ದ ನೀರು ಹೊಳೆಗೆ ಯಾವ ಹೊತ್ತಿಗೆ ಸಿಗುತ್ತದೆ ಎಂಬುದನ್ನು ಅಲ್ಲಿ ಒಬ್ಬ ಎಂಜಿನಿಯರ್ ರಾತ್ರಿ ಎದ್ದು ಕೂತು ನಿರ್ಧರಿಸುತ್ತಾರೆ. ಅವರ ಕಷ್ಟವನ್ನೂ ಯೋಚಿಸಿ. ಮುಂಚೆಯೇ ನೀರು ಬಿಟ್ಟು ಜಾಗ ಮಾಡಿಕೊಂಡರೆ, ಮಳೆ ತಪ್ಪಿದಲ್ಲಿ ಹಿಂಗಾರಿನ ರೈತ ಶಾಪ ಹಾಕುತ್ತಾನೆ. ಬಿಡದೆ ಕೂತರೆ ಕೊನೆಗೆ ಎಲ್ಲ ಗೇಟೂ ಒಮ್ಮೆಗೇ ಎತ್ತಬೇಕಾಗಿ ಕೆಳಗಿನ ಊರು ಮುಳುಗುತ್ತದೆ. ಒಂದೇ ಅಂಕಿಯ ಮುನ್ಸೂಚನೆ ಅವರನ್ನು ಒಂಟಿಯಾಗಿ ಬಿಡುತ್ತದೆ. ‘23ರಲ್ಲಿ 15 ಸದಸ್ಯರು ಎರಡು ದಿನದೊಳಗೆ ಜಲಾಶಯ ತುಂಬುತ್ತದೆ ಎನ್ನುತ್ತಿದ್ದಾರೆ, ಈಗ ಇಷ್ಟು ಬಿಟ್ಟರೆ ಅಷ್ಟೂ ಮತ್ತೆ ತುಂಬಿಕೊಳ್ಳುವ ಸಂಭವ ಇಷ್ಟು’ ಎಂಬ ಕಾಗದ ಅವರ ಕೈಯಲ್ಲಿದ್ದರೆ ತೀರ್ಮಾನಕ್ಕೆ ಆಧಾರವಿರುತ್ತದೆ, ನಾಳೆ ಪ್ರಶ್ನೆ ಕೇಳಿದವರಿಗೆ ಉತ್ತರವೂ ಇರುತ್ತದೆ.

ಕೊನೆಯ ತುದಿಯಲ್ಲಿ ಭೀಮೆ. ಭೀಮೆ ತುಂಬಿ ಹರಿಯುವಾಗ ಕಾಗಿಣಾದ ನೀರಿಗೆ ಒಳಗೆ ಜಾಗ ಸಿಗುವುದಿಲ್ಲ, ಅದು ಹಿಂದಕ್ಕೊತ್ತಿ ಶಹಾಬಾದ್ ಕಡೆಯ ಹೊಲಗಳಲ್ಲಿ ಹರಡುತ್ತದೆ. ಭೀಮೆಗೆ ನೀರು ಹೆಚ್ಚಾಗಿ ಬರುವುದು ಮಹಾರಾಷ್ಟ್ರದ ಉಜನಿ ಮತ್ತು ವೀರ್ ಜಲಾಶಯಗಳಿಂದ. ಅಲ್ಲಿ ಬಿಟ್ಟದ್ದು ಇಲ್ಲಿಗೆ ತಲುಪಲು ದಿನಗಳೇ ಬೇಕು. ನಮ್ಮ ತಲೆಯ ಮೇಲೆ ಬಿಸಿಲು ಹೊಡೆಯುತ್ತಿದ್ದರೂ ಹೊಳೆ ಏರಬಹುದು. ಹಾಗಾಗಿ ಸಂಗಮದ ಹತ್ತಿರ ಮಟ್ಟ ಇಷ್ಟಿದ್ದರೆ ಹರಿವು ಇಷ್ಟು ಎಂಬ ಸರಳ ಕೋಷ್ಟಕ ನಂಬುವಂತಿಲ್ಲ.

ಮಾಹಿತಿ ಎಲ್ಲಿಂದ ಬರಬೇಕು? ಕೇಂದ್ರ ಜಲ ಆಯೋಗ ಮಳಖೇಡದಲ್ಲಿ ಹೊಳೆಯ ಮಟ್ಟ ಅಳೆಯುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದದ್ದು, ಇಂದು ಗ್ರಾಮ ಪಂಚಾಯಿತಿ ಮಟ್ಟದವರೆಗೆ ರಾಜ್ಯದಾದ್ಯಂತ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕ ಇಟ್ಟಿದೆ. ದೇಶದಲ್ಲೇ ಅಪರೂಪದ ಜಾಲ ಅದು. ಆದರೆ ಗುಡುಗು ಸಿಡಿಲಿನ ರಾತ್ರಿಯಲ್ಲೇ ಮಳೆಮಾಪಕ ಕೆಡಬಹುದು. ಕೆಟ್ಟ ಮಾಪಕದಿಂದ ಸುದ್ದಿ ಬಾರದಿದ್ದಾಗ ನಿಮ್ಮ ಕೋಡ್ ಆ ಜಾಗದಲ್ಲಿ ಸೊನ್ನೆ ತುಂಬಿತೋ, ಮಳೆಯೇ ಇಲ್ಲವೆಂದಾಯಿತು, ಮಹಾಪೂರ ಪರದೆಯಿಂದ ಅಳಿಸಿಹೋಯಿತು. ಇನ್ನೊಂದು ಸಣ್ಣ ಎಚ್ಚರಿಕೆ: ನಮ್ಮ ಮಳೆಯ ದಿನ ಬೆಳಿಗ್ಗೆ 8.30ರಿಂದ 8.30ಕ್ಕೆ, ಮಾದರಿಯ ದಿನ ಗ್ರೀನಿಚ್ ಮಧ್ಯರಾತ್ರಿಯಿಂದ, ಅಂದರೆ ನಮ್ಮ ಬೆಳಗಿನ 5.30ರಿಂದ. ದೊಡ್ಡ ನದಿಗಳಲ್ಲಿ ಈ ಮೂರು ಗಂಟೆಯ ಅಂತರ ಲೆಕ್ಕಕ್ಕೆ ಬರಲಿಕ್ಕಿಲ್ಲ. ಚಿಂಚೋಳಿ ಗುಡ್ಡದಿಂದ ಇಳಿಯುವ ನಾಲಾಕ್ಕೆ ಮೂರು ಗಂಟೆಯೆಂದರೆ ಇಡೀ ಕಥೆ.

ಗಡಿಯಾಚೆಯ ಮಳೆ ತೆಲಂಗಾಣದ ಮಾಪಕಗಳಲ್ಲಿದೆ. ಹೊಳೆಗೆ ರಾಜ್ಯವಿಲ್ಲ, ದತ್ತಾಂಶಕ್ಕೆ ಮಾತ್ರ ಇದೆ. ತಾಂಡೂರಿನ ಮೇಲೆ ಬಿದ್ದ ಮಳೆ ಸೇಡಂನ ಪರದೆಗೆ ಹತ್ತು ನಿಮಿಷದಲ್ಲಿ ಬರಬೇಕು. ತಾಂತ್ರಿಕವಾಗಿ ಅದಕ್ಕೆ ಬೇಕಾದ್ದು ಸ್ವಲ್ಪವೇ. ಎರಡೂ ಸರ್ಕಾರಗಳ ಬಾಗಿಲು ತಟ್ಟುವಾಗ ನಿಮ್ಮ ಜೊತೆ ನಾವೂ ಬರುತ್ತೇವೆ. ಮುಳುಗುವವರು ಬಂದು ಕೇಳಿದರೆ ಇಲ್ಲವೆನ್ನುವುದು ಸುಲಭವಲ್ಲ.

‘ಇದೆಲ್ಲ ಈಗಾಗಲೇ ಇದೆಯಲ್ಲ’ ಎಂದು ನೀವು ಹೇಳಬಹುದು. ಇದೆ. ಯುರೋಪಿನ ಗ್ಲೋಫಾಸ್ 2018ರಿಂದ ಇಡೀ ಜಗತ್ತಿನ ನದಿಗಳಿಗೆ ಸಮೂಹ ಮುನ್ಸೂಚನೆ ಕೊಡುತ್ತಿದೆ, ಅದರ ಜಲಮಾದರಿ ಲಿಸ್‌ಫ್ಲಡ್‌ನ ಕೋಡ್ ಮುಕ್ತವಾಗಿದೆ. ಗೂಗಲ್ 2018ರಲ್ಲಿ ಪಟ್ನಾದಿಂದ ಶುರುಮಾಡಿ ದೇಶದ ಹಲವು ನದಿಗಳಿಗೆ ಎಚ್ಚರಿಕೆ ಕೊಡುತ್ತಿದೆ. ಕೇಂದ್ರ ಜಲ ಆಯೋಗದ ಫ್ಲಡ್‌ವಾಚ್ ಆ್ಯಪ್ 2023ರಲ್ಲಿ ಬಂತು. ಇವೆಲ್ಲವನ್ನೂ ಗೌರವದಿಂದ ಬಳಸಿರಿ. ಆದರೆ ಐದು ಕಿಲೋಮೀಟರಿನ ಚೌಕದಲ್ಲಿ ದಂಡೋತಿಯ ಸೇತುವೆಯ ಎತ್ತರ ಕಾಣುವುದಿಲ್ಲ, ನಾಗರಾಳದ ಗೇಟು ಕಾಣುವುದಿಲ್ಲ, ವಾಡಿಯ ಗಣಿಗುಂಡಿ ಕಾಣುವುದಿಲ್ಲ. ಗಂಗೆ ಬ್ರಹ್ಮಪುತ್ರೆಗಳಂಥ ಮಹಾನದಿಗಳಿಗೆ ಪೀಟರ್ ವೆಬ್‌ಸ್ಟರ್ ಮತ್ತು ಸಂಗಡಿಗರು ಬಾಂಗ್ಲಾದೇಶದಲ್ಲಿ ಯುರೋಪಿನ 51 ಸದಸ್ಯರ ಸಮೂಹ ಬಳಸಿ 2007 ಮತ್ತು 2008ರ ಮಹಾಪೂರಗಳನ್ನು ಹತ್ತು ದಿನ ಮುಂಚೆ ಹೇಳಿದರು. ಆ ಎಚ್ಚರಿಕೆ ಹಳ್ಳಿಗಳಿಗೂ ಮುಟ್ಟಿತು, ಜನ ದನಕರು, ಧಾನ್ಯ ಉಳಿಸಿಕೊಂಡರು. ಅಲ್ಲಿ ತಂತ್ರಾಂಶದಷ್ಟೇ ದುಡಿದದ್ದು ಅದನ್ನು ಊರಿಗೆ ತಲುಪಿಸಿದ ಜನರ ಸರಪಣಿ. ನಮ್ಮ ಹೊಳೆ ಚಿಕ್ಕದು, ಅವಸರದ್ದು. ಇಲ್ಲಿ ಹತ್ತು ದಿನ ಕೇಳುವುದಿಲ್ಲ. ಹೊಳೆಯ ಮಟ್ಟ ನೋಡಿ ಹೇಳಿದರೆ ಸಿಗುವುದು ಗಂಟೆಗಳ ಲೆಕ್ಕ, ಮಳೆಯ ಸಮೂಹ ನೋಡಿ ಹೇಳಿದರೆ ಎರಡು ಮೂರು ದಿನ ಸಿಗುತ್ತದೆ. ಆ ಎರಡು ದಿನ ಸಾಕು.

ಮಳಖೇಡದವರ ಒಂದು ಹೆಮ್ಮೆಯನ್ನು ಇಲ್ಲಿ ಹೇಳಲೇಬೇಕು. ಸಂಭವದ ಲೆಕ್ಕಕ್ಕೆ ಮೂಲವಾದ ಆಯ್ಕೆಗಳ ಎಣಿಕೆ, ಇಷ್ಟರಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದರ ಸಾಮಾನ್ಯ ಸೂತ್ರ, ಸುಮಾರು 850ರ ಹೊತ್ತಿಗೆ ಬಂದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿದೆ. ಅವರಿಗೆ ಆಶ್ರಯ ಕೊಟ್ಟ ಅಮೋಘವರ್ಷನ ರಾಜಧಾನಿ ಕಾಗಿಣಾ ದಂಡೆಯ ಇದೇ ಮಳಖೇಡ, ಅಂದಿನ ಮಾನ್ಯಖೇಟ. ಆ ಗಣಿತ ಲೋಕವೆಲ್ಲ ಸುತ್ತಿ ಬಂದಿದೆ. ಅದರ ಫಲ ಈ ಊರಿಗೂ ಸಲ್ಲಬೇಕು.

ತಂತ್ರಾಂಶ ಸರಿಯಿದೆಯೆಂದು ಹೇಗೆ ಗೊತ್ತಾಗಬೇಕು? ಒಂದು ಮಹಾಪೂರ ಸರಿಯಾಗಿ ಹೇಳಿದಿರಿ ಎಂದು ನಾವು ನಿಮ್ಮನ್ನು ಹೊತ್ತು ಮೆರೆಸುವುದಿಲ್ಲ, ಒಂದು ತಪ್ಪಿತೆಂದು ದೂರುವುದೂ ಇಲ್ಲ. ಮೂವತ್ತು ಎಂದ ನೂರು ಸಲಗಳಲ್ಲಿ ಸುಮಾರು ಮೂವತ್ತು ಸಲ ಹೊಳೆ ಬಂದಿರಬೇಕು, ಅಷ್ಟೇ. 1950ರಲ್ಲೇ ಗ್ಲೆನ್ ಬ್ರೈಯರ್ ಕೊಟ್ಟ ಅಳತೆಗೋಲು ಇದಕ್ಕಿದೆ. ದೊಡ್ಡ ಮಹಾಪೂರ ಅಪರೂಪ, ನೂರು ಸಲ ಎಣಿಸಲು ನಮ್ಮ ಆಯುಷ್ಯ ಸಾಲದು. ಅದಕ್ಕೆ ಹಿಂದಕ್ಕೆ ಹೋಗಿ. ಟಿಗ್ಗೆ ಎಂಬ ಸಂಗ್ರಹದಲ್ಲಿ 2006ರ ಅಕ್ಟೋಬರಿನಿಂದ ಜಗತ್ತಿನ ಪ್ರಮುಖ ಕೇಂದ್ರಗಳ ಸಮೂಹ ಮುನ್ಸೂಚನೆಗಳಿವೆ, ಸಂಶೋಧಕರಿಗೆ ಅದು ತೆರೆದಿದೆ. 2020ರ ಅಕ್ಟೋಬರ್ 10ರ ಮುನ್ಸೂಚನೆಯನ್ನು ತೆಗೆದು ನಿಮ್ಮ ಮಾದರಿಯೊಳಗೆ ಹಾಯಿಸಿ. 13ರಂದು ಏನಾಗುತ್ತದೆಂದು ಗೊತ್ತಿಲ್ಲದವರಂತೆ ನೋಡಿ. ಮಳಖೇಡ ಮುಳುಗುತ್ತದೆ ಎಂದು ಎಷ್ಟು ಸದಸ್ಯರು ಹೇಳಿದರು? 11ಕ್ಕೆ ಎಷ್ಟಾದರು? 12ಕ್ಕೆ? ಆ ಗೆರೆಗಳನ್ನು ಬದಲಿಸದೆ ಪ್ರಕಟಿಸಿ. ತಂತ್ರಾಂಶದ ಪ್ರತಿ ಹೊಸ ಆವೃತ್ತಿಯೂ 2020ರ ಆ ವಾರವನ್ನು, 2024ರ ಸೆಪ್ಟೆಂಬರಿನ ಆ ವಾರವನ್ನು ಹಾದು ಬಂದ ಮೇಲೇ ಬಳಕೆಗೆ ಇಳಿಯಲಿ. ಹೊಳೆ ಬರುತ್ತದೆಂದು ಹೇಳಿ ಬಾರದೆ ಹೋದ ವಾರಗಳನ್ನೂ ಪರೀಕ್ಷೆಗೆ ಸೇರಿಸಿ, ಇಲ್ಲದಿದ್ದರೆ ಬರೀ ಹೆದರಿಸಲು ಕಲಿತ ತಂತ್ರಾಂಶ ತಯಾರಾಗುತ್ತದೆ.

ಕೋಡ್ ಮುಕ್ತವಾಗಿರಲಿ. ನೀವು ಬೇರೆ ಕೆಲಸಕ್ಕೆ ಹೋದರೂ, ಯೋಜನೆಯ ಹಣ ಮುಗಿದರೂ, ಕಲಬುರಗಿಯ ಇನ್ನೊಬ್ಬ ಹುಡುಗಿ ಅದನ್ನು ತೆರೆದು ಮುಂದುವರಿಸುವ ಹಾಗಿರಲಿ. ಸಂದೇಶ ಕನ್ನಡದಲ್ಲಿರಲಿ, ಚಿಂಚೋಳಿ ಗಡಿಯ ತಾಂಡಾಗಳಲ್ಲಿ ಲಂಬಾಣಿಯಲ್ಲಿ ದನಿಯಾಗಿ ಕೇಳಿಸಲಿ, ಉರ್ದು ಮಾತ್ರ ಓದುವವರಿಗೂ ತಿಳಿಯಲಿ. ಕರೆಂಟು ಹೋದ ರಾತ್ರಿಯಲ್ಲಿ ಸಾದಾ ಫೋನಿಗೂ ಬರಲಿ.

ಮೊದಲ ಆವೃತ್ತಿ ಸಿದ್ಧವಾದಾಗ ಸೇಡಂಗೆ ತನ್ನಿ. ಮೇ ತಿಂಗಳಲ್ಲಿ ಬನ್ನಿ, ಮುಂಗಾರಿಗೆ ಮುಂಚೆ. ನಾಗರಾಳ ಮತ್ತು ಬೆಣ್ಣೆತೊರಾದ ಎಂಜಿನಿಯರರನ್ನು, ದಂಡೆಯ ಊರುಗಳ ಕಂದಾಯ ನಿರೀಕ್ಷಕರನ್ನು, ಬಸ್ ಡಿಪೊದವರನ್ನು, ಆಶಾ ಕಾರ್ಯಕರ್ತೆಯರನ್ನು, ಹೊಳೆದಂಡೆಯ ರೈತರನ್ನು ಒಂದೇ ಕೋಣೆಯಲ್ಲಿ ಕೂರಿಸೋಣ. 2020ರ ಆ ವಾರದ ಮುನ್ಸೂಚನೆಯನ್ನು ದಿನಕ್ಕೊಂದರಂತೆ ಬಿಚ್ಚಿ ತೋರಿಸಿ, ಪ್ರತಿ ದಿನಕ್ಕೂ ‘ಇಷ್ಟು ಸಂಭವ ಎಂದಿದ್ದರೆ ನೀವು ಏನು ಮಾಡುತ್ತಿದ್ದಿರಿ?’ ಎಂದು ಒಬ್ಬೊಬ್ಬರನ್ನೂ ಕೇಳಿ. ಅವರು ಹೇಳಿದ ಮಿತಿಗಳನ್ನು ಬರೆದುಕೊಂಡು ಹೋಗಿ ಕೋಡಿಗೆ ಸೇರಿಸಿ. ಊಟಕ್ಕೆ ಜೋಳದ ರೊಟ್ಟಿ, ತೊಗರಿ ಬ್ಯಾಳಿ ನಮ್ಮ ಕಡೆಯಿಂದ.

ನಿಮ್ಮ ದಾರಿ ನೋಡುತ್ತಿರುವ,
ಕಾಗಿಣಾ ದಂಡೆಯ ಒಬ್ಬ ನಿವಾಸಿ